ಬ್ರೇಕ್ ಪೆಡಲ್ ಒಳಗೆ ಹೋಗುತ್ತಿದೆಯೇ? ಹಳೆಯ ಪಿಕಪ್‌ನಲ್ಲಿ ದೋಷ ಹುಡುಕುವ ಬಗೆ

ಹತ್ತು-ಹನ್ನೆರಡು ವರ್ಷ ದುಡಿದ ಪಿಕಪ್‌ನಲ್ಲಿ ಬ್ರೇಕ್ ಒಂದೇ ದಿನಕ್ಕೆ ಕೈಕೊಡುವುದು ಅಪರೂಪ. ಮೊದಲು ಪೆಡಲ್ ದಿನಕ್ಕಿಷ್ಟು ಕೆಳಗೆ ಹೋಗತೊಡಗುತ್ತದೆ. ಆಮೇಲೆ ಒಂದು ಸಲ ತುಳಿದರೆ ಹಿಡಿಯದ ಬ್ರೇಕ್ ಎರಡನೇ ಸಲಕ್ಕೆ ಹಿಡಿಯುತ್ತದೆ. ಚಾಲಕನ ಕಾಲು ಅದಕ್ಕೂ ಹೊಂದಿಕೊಂಡುಬಿಡುತ್ತದೆ. ಗ್ಯಾರೇಜಿನಲ್ಲಿ ಸಿಗುವ ಮೊದಲ ಉತ್ತರ ‘ಏರ್ ಹಿಡಿದಿದೆ, ತೆಗೆದರೆ ಸರಿಹೋಗುತ್ತೆ’. ಏರ್ ತೆಗೆಸಿದ ಮೇಲೆ ನಾಲ್ಕು ದಿನ ಚೆನ್ನಾಗಿದ್ದು ಪೆಡಲ್ ಮತ್ತೆ ಇಳಿದರೆ ಮಾಸ್ಟರ್ ಸಿಲಿಂಡರ್ ಬದಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಬೂಸ್ಟರ್ ಮೇಲೆ ಅನುಮಾನ.

ಊಹೆಯ ಮೇಲೆ ಭಾಗಗಳನ್ನು ಬದಲಿಸುತ್ತ ಹೋದರೆ ದುಡ್ಡೂ ಹೋಗುತ್ತದೆ, ದೋಷವೂ ಉಳಿಯುತ್ತದೆ. ಪೆಡಲ್ ಕೆಳಗೆ ಹೋಗುವ ರೀತಿಯನ್ನು ಸರಿಯಾಗಿ ಗಮನಿಸಿದರೆ ಕೆಟ್ಟಿರುವುದು ಯಾವುದು ಎಂದು ಒಂದು ಸ್ಪ್ಯಾನರ್ ಹಿಡಿಯುವ ಮೊದಲೇ ಬಹುಮಟ್ಟಿಗೆ ತಿಳಿಯುತ್ತದೆ. ಇಲ್ಲಿ ಹೇಳಿರುವುದು ಮುಂದೆ ಡಿಸ್ಕ್, ಹಿಂದೆ ಡ್ರಮ್, ವ್ಯಾಕ್ಯೂಮ್ ಬೂಸ್ಟರ್ ಇರುವ, ಎಬಿಎಸ್ ಇಲ್ಲದ ಹಳೆಯ ಡೀಸೆಲ್ ಪಿಕಪ್‌ಗಳಿಗೆ, ಅಂದರೆ ಹಳೆಯ ಬೊಲೆರೊ ಪಿಕಪ್‌ನಂಥ ಗಾಡಿಗಳಿಗೆ ಹೊಂದುತ್ತದೆ. ಪೆಡಲ್ ಪೂರ್ತಿ ನೆಲ ಮುಟ್ಟುತ್ತಿದ್ದರೆ ಮಾತ್ರ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ. ಮೆಕ್ಯಾನಿಕ್‌ನನ್ನೇ ಗಾಡಿ ಇರುವಲ್ಲಿಗೆ ಕರೆಸಿ.

ಅರ್ಧ ಚಮಚ ಗಾಳಿಯ ಲೆಕ್ಕ

ಪೆಡಲ್ ತುಳಿದಾಗ ಅದರ ಹಿಂದಿನ ಸರಳು ಬೂಸ್ಟರ್ ಮೂಲಕ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್‌ಗಳನ್ನು ತಳ್ಳುತ್ತದೆ. ಒಳಗೆ ಒಂದರ ಮುಂದೊಂದು ಎರಡು ಪಿಸ್ಟನ್‌ಗಳಿದ್ದು, ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಮುಂದಿನ ಚಕ್ರಗಳ ಲೈನಿಗೆ, ಇನ್ನೊಂದು ಹಿಂದಿನ ಚಕ್ರಗಳ ಲೈನಿಗೆ ದ್ರವ ಒತ್ತುತ್ತದೆ. ಒಂದು ಲೈನ್ ಒಡೆದರೂ ಇನ್ನೊಂದು ಉಳಿಯಲಿ ಎಂದೇ ಈ ಏರ್ಪಾಡು. ದ್ರವವನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ ಈ ತುದಿಯ ಒತ್ತಡ ಆ ತುದಿಯ ಕ್ಯಾಲಿಪರ್‌ಗೆ, ವೀಲ್ ಸಿಲಿಂಡರ್‌ಗೆ ಹಾಗೆಯೇ ಮುಟ್ಟುತ್ತದೆ.

ಗಾಳಿ ಕುಗ್ಗುತ್ತದೆ. ತೊಂದರೆ ಇರುವುದು ಅಲ್ಲೇ. 22 ಮಿ.ಮೀ. ವ್ಯಾಸದ ಮಾಸ್ಟರ್ ಸಿಲಿಂಡರ್ ಎಂದು ಇಟ್ಟುಕೊಳ್ಳೋಣ. ಪಿಸ್ಟನ್ 5 ಮಿ.ಮೀ. ಸರಿದರೆ ಅದು ತಳ್ಳುವ ದ್ರವ ಸುಮಾರು 1.9 ಮಿ.ಲೀ. ಮಾತ್ರ. ಲೈನಿನಲ್ಲಿ 2 ಮಿ.ಲೀ. ಗಾಳಿ, ಅಂದರೆ ಅರ್ಧ ಚಮಚಕ್ಕೂ ಕಡಿಮೆ, ಸೇರಿಕೊಂಡಿದ್ದರೆ ಆ 5 ಮಿ.ಮೀ. ಓಟವೆಲ್ಲ ಗಾಳಿ ಕುಗ್ಗಿಸುವುದಕ್ಕೇ ಖರ್ಚು. ಪೆಡಲಿನ ಸನ್ನೆ ನಾಲ್ಕು ಪಟ್ಟಿನದಾದರೆ ಕಾಲಿನಡಿ ಅದು 20 ಮಿ.ಮೀ. ಆಗಿ ಕಾಣುತ್ತದೆ.

ಹಿಂದಿನ ಡ್ರಮ್‌ಗಳ ಲೆಕ್ಕವೂ ಇಂಥದ್ದೇ. ಲೈನರ್ ಸವೆದು ಶೂ ಮತ್ತು ಡ್ರಮ್ ನಡುವಿನ ಸಂದು ಹೆಚ್ಚಿದ್ದರಿಂದ, ಅಷ್ಟೇ ವ್ಯಾಸದ ವೀಲ್ ಸಿಲಿಂಡರ್‌ನ ಎರಡೂ ಪಿಸ್ಟನ್‌ಗಳು ತಲಾ 1 ಮಿ.ಮೀ. ಹೆಚ್ಚು ಹೊರಬರಬೇಕಾಯಿತು ಎನ್ನಿ. ಎರಡು ಚಕ್ರಕ್ಕೆ ಸೇರಿ ಒಂದೂವರೆ ಮಿ.ಲೀ. ದ್ರವ ಹೆಚ್ಚು ಬೇಕು. ಪೆಡಲ್ ಮತ್ತೆ 16 ಮಿ.ಮೀ. ಕೆಳಗೆ. ಇಲ್ಲಿ ಒಂದು ಹನಿ ಗಾಳಿಯೂ ಇಲ್ಲ. ಇಂಥ ಗಾಡಿಗೆ ಎಷ್ಟು ಸಲ ಏರ್ ತೆಗೆದರೂ ಪೆಡಲ್ ಮೇಲೆ ಬರುವುದಿಲ್ಲ.

ಐದು ನಿಮಿಷದ ಪೆಡಲ್ ಪರೀಕ್ಷೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ-ಮುಂದೆ ಕಲ್ಲು ಇಟ್ಟು, ಎಂಜಿನ್ ಆಫ್ ಮಾಡಿ.

ಮೊದಲು ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿ ಮಾಡಿ. ಈಗ ಪೆಡಲ್ ಗಟ್ಟಿಯಾಗಬೇಕು. ಬೂಸ್ಟರ್ ಕೆಲಸ ಮಾಡುವಾಗ ಎಲ್ಲ ಪೆಡಲ್‌ಗಳೂ ಸ್ವಲ್ಪ ಮೆತ್ತಗೇ ಇರುತ್ತವೆ. ಆದ್ದರಿಂದ ಎಂಜಿನ್ ಓಡುವಾಗಿನ ಮೆತ್ತನೆಯನ್ನು ನೋಡಿ ತೀರ್ಮಾನಕ್ಕೆ ಬರಬಾರದು.

ಎರಡನೆಯದಾಗಿ, ಪೆಡಲನ್ನು ಒಂದೇ ಸಮನೆ, ಮಿತವಾದ ಬಲದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಇದ್ದಲ್ಲೇ ನಿಲ್ಲುತ್ತದೆಯೋ, ಮೆಲ್ಲಗೆ ಇಳಿಯುತ್ತದೆಯೋ ನೋಡಿ.

ಮೂರನೆಯದಾಗಿ, ಕಾಲು ತೆಗೆದು ಅರ್ಧ ನಿಮಿಷ ಬಿಟ್ಟು ಒಮ್ಮೆ ಒತ್ತಿ. ತಕ್ಷಣ ಮತ್ತೆ ಎರಡು ಸಲ ಒತ್ತಿ. ಎರಡನೇ ಒತ್ತಿಗೆ ಪೆಡಲ್ ಮೇಲಕ್ಕೆ ಬಂತೇ? ಬಂದಮೇಲೆ ಕಲ್ಲಿನಂತೆ ಗಟ್ಟಿ ಇದೆಯೋ, ಸ್ಪ್ರಿಂಗಿನ ಹಾಗೆ ಕುಪ್ಪಳಿಸುತ್ತದೆಯೋ?

ನಾಲ್ಕನೆಯದಾಗಿ, ಹ್ಯಾಂಡ್ ಬ್ರೇಕ್ ಎಳೆದು ಪೆಡಲ್ ಒತ್ತಿ. ಹಿಂದಿನ ಶೂಗಳನ್ನೇ ಎಳೆಯುವ ಹ್ಯಾಂಡ್ ಬ್ರೇಕ್ ಇರುವ ಗಾಡಿಗಳಲ್ಲಿ ಇದು ಬಹಳ ಉಪಯೋಗದ ಪರೀಕ್ಷೆ. ಶೂಗಳು ಮೊದಲೇ ಡ್ರಮ್ ಮುಟ್ಟಿ ನಿಂತಿರುವುದರಿಂದ ಪೆಡಲ್ ಈಗ ಎದ್ದು ಕಾಣುವಷ್ಟು ಮೇಲೆ ನಿಂತರೆ, ಸಮಸ್ಯೆ ಇರುವುದು ಹಿಂದಿನ ಸಂದಿನಲ್ಲಿ.

ಕೊನೆಗೆ, ಪೆಡಲ್ ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದು ನಿಲ್ಲಬೇಕು. ನಿಂತರೆ ಬೂಸ್ಟರ್ ಸರಿ ಇದೆ. ಬೂಸ್ಟರ್ ಅಥವಾ ವ್ಯಾಕ್ಯೂಮ್ ಪಂಪ್ ಕೆಟ್ಟರೆ ಪೆಡಲ್ ಗಟ್ಟಿಯಾಗುತ್ತದೆ, ಮೆತ್ತಗಾಗುವುದಿಲ್ಲ. ಮೆತ್ತನೆಯ ಪೆಡಲಿಗೆ ಬೂಸ್ಟರ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿ.

ಎರಡನೇ ಒತ್ತಿಗೆ ಮೇಲೆ ಬಂದು ಗಟ್ಟಿಯಾದರೆ

ಇದು ಸಂದು ಹೆಚ್ಚಾದ ಲಕ್ಷಣ. ಹಿಂದಿನ ಡ್ರಮ್‌ನೊಳಗೆ ಲೈನರ್ ಸವೆದಂತೆಲ್ಲ ಶೂಗಳನ್ನು ಹೊರಕ್ಕೆ ಸರಿಸುವ ಅಡ್ಜಸ್ಟರ್ ಇರುತ್ತದೆ. ತಾನಾಗಿ ಸರಿಯುವ ಅಡ್ಜಸ್ಟರ್ ಕೂಡ ಮಣ್ಣು, ನೀರು, ತುಕ್ಕಿನಿಂದ ಹಳೆಯ ಗಾಡಿಗಳಲ್ಲಿ ಜಾಮ್ ಆಗಿರುತ್ತದೆ. ಡ್ರಮ್ ಬಿಚ್ಚಿ, ಅಡ್ಜಸ್ಟರ್ ತೆಗೆದು ಶುಚಿ ಮಾಡಿ, ಅದರ ಮರೆಗೆ ಶಾಖ ತಡೆಯುವ ಗ್ರೀಸ್ ತೆಳ್ಳಗೆ ಸವರಿ ಕೂರಿಸಬೇಕು. ಚಕ್ರ ತಿರುಗಿಸಿದಾಗ ಶೂ ಲಘುವಾಗಿ ಉಜ್ಜುವ ಸದ್ದು ಕೇಳುವವರೆಗೆ ಬಿಗಿ ಮಾಡಿ, ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಡ್ರಮ್‌ನೊಳಗಿನ ಧೂಳನ್ನು ಏರ್ ಹೊಡೆದು ಊದಬಾರದು. ಹಳೆಯ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಈ ಕೆಲಸಕ್ಕೆ ಮುನ್ನ ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲ ಮಾಡಲೇಬೇಕು. ಲೈನರ್ ಸವೆದಾಗ ಅಡ್ಜಸ್ಟರ್ ಮುಟ್ಟದೆ ಕೇಬಲನ್ನೇ ಎಳೆದು ಬಿಗಿ ಮಾಡುವ ರೂಢಿ ಹಲವು ಕಡೆ ಇದೆ. ಹಾಗೆ ಮಾಡಿದರೆ ಶೂ ತನ್ನ ಮೂಲ ಜಾಗಕ್ಕೆ ಮರಳುವುದೇ ಇಲ್ಲ, ಅಡ್ಜಸ್ಟರ್ ಕೆಲಸ ಮಾಡುವುದೂ ಇಲ್ಲ. ಮೊದಲು ಶೂ, ಆಮೇಲೆ ಕೇಬಲ್ ಎಂಬುದು ಕ್ರಮ.

ಹೊಸ ಶೂ ಹಾಕಿದ ಮೇಲೂ ಪೆಡಲ್ ಮೆತ್ತಗಿದ್ದರೆ ಡ್ರಮ್ ಅಳತೆ ಮಾಡಿಸಿ. ಎಷ್ಟು ವ್ಯಾಸದವರೆಗೆ ಸವೆಯಬಹುದು ಎಂಬ ಗರಿಷ್ಠ ಅಳತೆಯನ್ನು ಸಾಮಾನ್ಯವಾಗಿ ಡ್ರಮ್ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದನ್ನು ಮೀರಿದ ಡ್ರಮ್‌ನಲ್ಲಿ ಹೊಸ ಶೂವಿನ ನಡುಭಾಗ ಮಾತ್ರ ಮುಟ್ಟುತ್ತದೆ. ಜೋರಾಗಿ ತುಳಿದಾಗ ಶೂ ಬಾಗಿ ಪೆಡಲ್ ಮೆತ್ತಗೆನಿಸುತ್ತದೆ.

ಮುಂದಿನ ಚಕ್ರದಿಂದಲೂ ಇದೇ ಲಕ್ಷಣ ಬರಬಹುದು. ಹಳ್ಳಕೊಳ್ಳದ ರಸ್ತೆಯಲ್ಲಿ ಹೋದ ಕೂಡಲೇ ಮೊದಲ ಬ್ರೇಕ್ ಕೆಳಗೆ ಹೋಗಿ ಎರಡನೆಯದು ಸರಿಯಾಗಿ ಹಿಡಿದರೆ ವೀಲ್ ಬೇರಿಂಗ್‌ನಲ್ಲಿ ಪ್ಲೇ ಇದೆಯೇ ನೋಡಿ. ಬೇರಿಂಗ್ ಸಡಿಲವಾಗಿ ಡಿಸ್ಕ್ ಓಲಾಡಿದರೆ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಿಸಿದರೆ ಗೊತ್ತಾಗುತ್ತದೆ.

ಒತ್ತಿ ಹಿಡಿದಾಗ ಮೆಲ್ಲಗೆ ಇಳಿದರೆ

ಇದಕ್ಕೆ ಕಾರಣ ಎರಡೇ: ದ್ರವ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್‌ನೊಳಗೇ ರಬ್ಬರ್ ಕಪ್ ದಾಟಿ ಹಿಂದಕ್ಕೆ ಸರಿಯುತ್ತಿದೆ.

ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಕಡಿಮೆಯಾಗುತ್ತಿದ್ದರೆ ಸೋರಿಕೆ ಹುಡುಕಿ. ಹಿಂದಿನ ಟೈರುಗಳ ಒಳಮೈ, ಡ್ರಮ್ ಹಿಂದಿನ ತಗಡು, ಎಕ್ಸೆಲ್ ಉದ್ದಕ್ಕೆ ಹೋಗುವ ಕಬ್ಬಿಣದ ಪೈಪ್, ರಬ್ಬರ್ ಹೋಸ್‌ಗಳ ತುದಿ, ಇಷ್ಟನ್ನೂ ನೋಡಬೇಕು. ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿದಾಗ ಒಳಗೆ ಹಸಿ ಇದ್ದರೆ ಆ ಸಿಲಿಂಡರ್ ಹೋಗಿದೆ. ಆಯಿಲ್ ಕುಡಿದ ಲೈನರ್ ಒರೆಸಿದರೆ ಸರಿಹೋಗುವುದಿಲ್ಲ. ಎರಡೂ ಬದಿಯ ಶೂ ಬದಲಿಸಬೇಕು. ಒಂದೇ ಬದಿ ಬದಲಿಸಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಮಟ್ಟ ಇಳಿಯುತ್ತಿದೆ, ಹೊರಗೆಲ್ಲೂ ಒಂದು ಹನಿಯೂ ಕಾಣುತ್ತಿಲ್ಲ ಎಂದರೆ ಮಾಸ್ಟರ್ ಸಿಲಿಂಡರ್ ಬೂಸ್ಟರ್‌ಗೆ ಕೂಡುವ ಜಾಗ ನೋಡಿ. ಹಿಂಬದಿಯ ಸೀಲ್ ಹೋದರೆ ಆಯಿಲ್ ಬೂಸ್ಟರ್‌ನ ಹೊಟ್ಟೆಗೆ ಇಳಿಯುತ್ತದೆ. ಎರಡು ನಟ್ ಬಿಚ್ಚಿ ಸಿಲಿಂಡರನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಹಸಿ ಕಾಣುತ್ತದೆ.

ಮಟ್ಟ ಕಡಿಮೆಯಾಗದೆಯೂ ಪೆಡಲ್ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಮೇಲಿನ ಅನುಮಾನ ಬಲವಾಗುತ್ತದೆ. ಖಚಿತ ಮಾಡಿಕೊಳ್ಳಲು ಸಿಲಿಂಡರ್‌ನಿಂದ ಹೊರಡುವ ಪೈಪ್‌ಗಳನ್ನು ಬಿಚ್ಚಿ, ಆ ತೂತುಗಳಿಗೆ ಸರಿಯಾದ ಮರೆಯ ಪ್ಲಗ್ ಹಾಕಿ, ಒಳಗಿನ ಗಾಳಿ ತೆಗೆದು ಪೆಡಲ್ ಒತ್ತಬೇಕು. ಪೆಡಲ್ ಬಂಡೆಯಂತೆ ನಿಂತರೆ ಮಾಸ್ಟರ್ ಸಿಲಿಂಡರ್ ಒಳ್ಳೆಯದಿದೆ, ದೋಷ ಮುಂದೆ ಎಲ್ಲೋ ಇದೆ. ಆಗಲೂ ಇಳಿದರೆ ಅದೇ ಕೆಟ್ಟಿದೆ. ಕಿಟ್ ಹಾಕುವುದೋ, ಇಡೀ ಸಿಲಿಂಡರ್ ಬದಲಿಸುವುದೋ ಎಂಬುದು ಒಳಮೈ ನೋಡಿ ನಿರ್ಧಾರವಾಗಬೇಕು. ಕೊಳವೆಯ ಒಳಗೆ ತುಕ್ಕಿನ ಚುಕ್ಕಿ, ಗೀರು ಇದ್ದರೆ ಹೊಸ ರಬ್ಬರ್ ಕೂಡ ಬೇಗನೆ ಹರಿಯುತ್ತದೆ. ಹಾಗಿದ್ದಾಗ ಕಿಟ್‌ಗೆ ದುಡ್ಡು ಹಾಕುವುದು ವ್ಯರ್ಥ.

ಸ್ಪ್ರಿಂಗಿನಂತೆ ಕುಪ್ಪಳಿಸಿದರೆ

ಈಗ ಗಾಳಿಯ ಮಾತು. ಬ್ರೇಕ್ ಲೈನ್ ಮುಚ್ಚಿದ ವ್ಯವಸ್ಥೆ. ಗಾಳಿ ತಾನಾಗಿ ಒಳಗೆ ಬರುವುದಿಲ್ಲ. ಯಾರೋ ಲೈನ್ ಬಿಚ್ಚಿರಬೇಕು, ಡಬ್ಬಿ ಖಾಲಿಯಾಗಿರಬೇಕು, ಇಲ್ಲವೇ ಯಾವುದೋ ಸೀಲ್ ಸೋತಿರಬೇಕು. ಯಾವುದೆಂದು ಪತ್ತೆಯಾಗದೆ ಏರ್ ತೆಗೆದರೆ ಮತ್ತೆ ಅದೇ ಕೆಲಸಕ್ಕೆ ಬರಬೇಕಾಗುತ್ತದೆ.

ಹಳೆಯ ರಬ್ಬರ್ ಹೋಸ್ ಕೂಡ ಗಾಳಿಯ ಲಕ್ಷಣವನ್ನೇ ತೋರಿಸುತ್ತದೆ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಹೋಸ್ ಮೇಲೆ ಬೆರಳಿಟ್ಟರೆ ಅದು ಉಬ್ಬುವುದು ತಿಳಿಯುತ್ತದೆ. ಬಿರುಕು ಬಿಟ್ಟ, ಉಬ್ಬುವ ಹೋಸ್ ಇದ್ದರೆ ತಡಮಾಡದೆ ಬದಲಿಸಬೇಕು. ಯಾವ ಚಕ್ರದ ಕಡೆ ದೋಷ ಎಂದು ತಿಳಿಯಲು ಹೋಸ್‌ಗಳನ್ನು ಅದಕ್ಕೆಂದೇ ಇರುವ ನಯವಾದ ಕ್ಲಾಂಪಿನಿಂದ ಒಂದೊಂದಾಗಿ ಬಿಗಿದು ಪೆಡಲ್ ಒತ್ತಿ ನೋಡಬಹುದು. ಕ್ಲಾಂಪ್ ಹಾಕಿದೊಡನೆ ಪೆಡಲ್ ಗಟ್ಟಿಯಾದರೆ ದೋಷ ಆ ಚಕ್ರದ ಕಡೆ. ಹಲ್ಲಿರುವ ಪ್ಲೈಯರ್ ಬಳಸಿದರೆ ಒಳ್ಳೆಯ ಹೋಸೂ ಹಾಳಾಗುತ್ತದೆ.

ಕ್ಯಾಲಿಪರ್ ಬಿಚ್ಚಿ ಹಾಕಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಅದರ ಬ್ಲೀಡರ್ ನಿಪ್ಪಲ್ ಎಲ್ಲಿದೆ ನೋಡಿ. ನಿಪ್ಪಲ್ ಮೇಲ್ತುದಿಯಲ್ಲಿರಬೇಕು. ಎಡ-ಬಲ ಅದಲುಬದಲಾಗಿ ನಿಪ್ಪಲ್ ಕೆಳಕ್ಕೆ ಬಂದಿದ್ದರೆ ಮೇಲ್ಗಡೆ ಕೂತ ಗಾಳಿ ಎಷ್ಟು ಲೀಟರ್ ಆಯಿಲ್ ಸುರಿದರೂ ಹೊರಬರುವುದಿಲ್ಲ.

ಘಾಟಿಯಲ್ಲಿ ಮಾತ್ರ ಮೆತ್ತಗಾದರೆ

ಊರಲ್ಲಿ ಸರಿಯಿದ್ದ ಪೆಡಲ್ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಲೋಡ್ ಹೊತ್ತು ಇಳಿಯುವಾಗ ಮೆತ್ತಗಾಗಿ, ಕೆಳಗೆ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸರಿಹೋದರೆ ಆಯಿಲ್ ಕುದಿಯುತ್ತಿದೆ ಎಂದರ್ಥ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್‌ಗಳು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ ಕ್ರಮವಾಗಿ 140 ಮತ್ತು 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿಯೇ ಬಂದರೆ ಕ್ಯಾಲಿಪರ್‌ನೊಳಗಿನ ಆಯಿಲ್ ಅಷ್ಟು ಬಿಸಿಯಾಗಬಹುದು. ಆಯಿಲ್ ಆವಿಯಾಗುತ್ತದೆ, ಆವಿ ಗಾಳಿಯ ಹಾಗೇ ಕುಗ್ಗುತ್ತದೆ. ಆರಿದ ಮೇಲೆ ಪೆಡಲ್ ಮರಳಿದರೂ ನೀರು ಒಳಗೇ ಇರುತ್ತದೆ, ಮುಂದಿನ ಘಾಟಿಯಲ್ಲಿ ಅದೇ ಕಥೆ.

ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ; ಲೈನರ್, ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿವೆ. ಎರಡಕ್ಕೂ ತಕ್ಷಣದ ಉಪಾಯ ಒಂದೇ: ಕೆಳಗಿನ ಗೇರಿಗೆ ಇಳಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಆರಲು ಬಿಡುವುದು. ಪೆಡಲ್ ಮೆತ್ತಗಾಗಿದ್ದರೆ ಬೇಗ ಬೇಗ ಪಂಪ್ ಮಾಡಿದಾಗ ಸ್ವಲ್ಪ ಹಿಡಿತ ಸಿಗಬಹುದು. ಕಾದ ಡ್ರಮ್ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಡೀಸೆಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಬೇಡವೇ ಬೇಡ. ಎಂಜಿನ್‌ನ ತಡೆ ಇರುವುದಿಲ್ಲ, ವ್ಯಾಕ್ಯೂಮ್ ಪಂಪ್ ನಿಲ್ಲುತ್ತದೆ. ಎರಡು-ಮೂರು ಒತ್ತಿಗೆ ಬೂಸ್ಟರ್ ಖಾಲಿ.

ಏರ್ ತೆಗೆಯುವ ಕ್ರಮ

ಸೋರಿಕೆ, ಸಂದು, ಹೋಸ್ ಎಲ್ಲ ಸರಿಪಡಿಸಿದ ಮೇಲೆ ಬರುವ ಕೆಲಸ ಇದು. ಮಾಸ್ಟರ್ ಸಿಲಿಂಡರ್ ಬದಲಿಸಿದ್ದರೆ ಗಾಡಿಗೆ ಕೂರಿಸುವ ಮೊದಲೇ ಅದನ್ನು ವೈಸ್‌ಗೆ ಕಟ್ಟಿ ಒಳಗಿನ ಗಾಳಿ ತೆಗೆಯಬೇಕು. ನಂತರ ಸಿಲಿಂಡರ್‌ನಿಂದ ದೂರವಿರುವ ಚಕ್ರದಿಂದ ಆರಂಭಿಸುವುದು ವಾಡಿಕೆ. ಸ್ಟಿಯರಿಂಗ್ ಬಲಗಡೆಯಿರುವ ನಮ್ಮ ಗಾಡಿಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕಂಪನಿಯ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಲಿ. ಕೆಳಗಿರುವವರು ನಿಪ್ಪಲ್ ಸಡಿಲಿಸಿ, ಆಯಿಲ್ ಬಂದಮೇಲೆ ಬಿಗಿದು ‘ಬಿಡಿ’ ಎನ್ನಲಿ. ಬಿಗಿಯುವ ಮೊದಲು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ರಭಸದಿಂದ ಪಂಪ್ ಮಾಡಿದರೆ ಗಾಳಿ ನೊರೆಯಾಗಿ ಆಯಿಲ್‌ನಲ್ಲಿ ಬೆರೆಯುತ್ತದೆ. ಗುಳ್ಳೆ ನಿಂತು, ತಿಳಿಯಾದ ಹೊಸ ಆಯಿಲ್ ಬರುವವರೆಗೆ ಮುಂದುವರಿಸಿ. ನಡುವೆ ಡಬ್ಬಿ ಖಾಲಿಯಾಗದಂತೆ ತುಂಬುತ್ತಿರಬೇಕು.

ಹಳೆಯ ಗಾಡಿಯಲ್ಲಿ ಪೆಡಲನ್ನು ನೆಲದವರೆಗೆ ತುಳಿಯಬಾರದು. ದಿನನಿತ್ಯ ಪಿಸ್ಟನ್ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ. ರಬ್ಬರ್ ಕಪ್ ಅಲ್ಲಿಗೆ ಹೋದರೆ ಗೀರು ಬೀಳುತ್ತದೆ. ಏರ್ ತೆಗೆಯಲು ಹೋಗಿ ಮಾಸ್ಟರ್ ಸಿಲಿಂಡರ್ ಕೆಡುವುದು ಹೀಗೆ. ಪೆಡಲಿನಡಿ ಒಂದು ಮರದ ತುಂಡು ಇಟ್ಟುಕೊಂಡರೆ ಸಾಕು.

ಹಿಂದಿನ ಎಕ್ಸೆಲ್‌ಗೆ ಸರಳಿನಿಂದ ಕೂಡಿಸಿದ ಒಂದು ವಾಲ್ವ್ ಹಲವು ಪಿಕಪ್‌ಗಳಲ್ಲಿ ಇರುತ್ತದೆ. ಲೋಡ್ ಇದ್ದಾಗ ಹಿಂದಿನ ಚಕ್ರಕ್ಕೆ ಹೆಚ್ಚು, ಖಾಲಿ ಇದ್ದಾಗ ಕಡಿಮೆ ಒತ್ತಡ ಬಿಡುವುದು ಅದರ ಕೆಲಸ. ಗಾಡಿಯನ್ನು ಚಾಸಿಸ್‌ಗೆ ಜಾಕ್ ಕೊಟ್ಟು ಎತ್ತಿ, ಎಕ್ಸೆಲ್ ಕೆಳಗೆ ಜೋತಾಡುವಂತೆ ಬಿಟ್ಟರೆ ಈ ವಾಲ್ವ್ ಹಿಂದಕ್ಕೆ ಹೋಗುವ ಆಯಿಲನ್ನು ತಡೆಯುತ್ತದೆ, ಏರ್ ಪೂರ್ತಿ ಬರುವುದಿಲ್ಲ. ಚಕ್ರಗಳು ನೆಲದ ಮೇಲಿರುವಾಗ ಅಥವಾ ಎಕ್ಸೆಲ್‌ಗೇ ಸ್ಟ್ಯಾಂಡ್ ಕೊಟ್ಟಾಗ ಈ ಕೆಲಸ ಮಾಡಬೇಕು. ಜಾಮ್ ಆದ ವಾಲ್ವ್‌ನ ಸರಳನ್ನು ತಂತಿಯಿಂದ ಎತ್ತಿ ಕಟ್ಟಿದ ಗಾಡಿಗಳು ರಸ್ತೆಯಲ್ಲಿವೆ. ಖಾಲಿ ಗಾಡಿಯ ಹಿಂದಿನ ಚಕ್ರಗಳು ಮಳೆಯಲ್ಲಿ ಲಾಕ್ ಆಗಿ ಗಾಡಿ ತಿರುಗಿಬೀಳಲು ಅಷ್ಟು ಸಾಕು.

ಆಯಿಲ್ ವಿಷಯದಲ್ಲಿ ರಾಜಿ ಬೇಡ

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಿ. ಎಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್ ತಪ್ಪಿಯೂ ಸೇರಬಾರದು; ರಬ್ಬರ್ ಕಪ್‌ಗಳು ಉಬ್ಬಿ ಇಡೀ ವ್ಯವಸ್ಥೆಯ ರಬ್ಬರ್ ಬದಲಿಸಬೇಕಾಗುತ್ತದೆ. ಬಿಚ್ಚಿದ ಸಿಲಿಂಡರನ್ನು ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್‌ನಲ್ಲಿ ತೊಳೆದರೂ ಅದೇ ಗತಿ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು. ಬಾಟಲಿಗೆ ಬಂದ ಹಳೆಯ ಆಯಿಲ್ ಮತ್ತೆ ಡಬ್ಬಿಗೆ ಹೋಗಬಾರದು. ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ಆಯಿಲೂ ಬೇಡ. ಕರಾವಳಿ, ಮಲೆನಾಡಿನ ತೇವದ ಹವೆಯಲ್ಲಿ ಅದು ಇನ್ನೂ ಬೇಗ ನೀರು ಹೀರುತ್ತದೆ. ಆಯಿಲ್ ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸುವುದು ಒಳ್ಳೆಯ ಪದ್ಧತಿ.

ಡಬ್ಬಿಯ ಮಟ್ಟ ಇಳಿಯುವುದು ಪ್ಯಾಡ್-ಲೈನರ್ ಸವೆದಾಗ ಅಥವಾ ಎಲ್ಲೋ ಸೋರಿದಾಗ. ಕಾರಣ ಹುಡುಕದೆ ಮೇಲಿಂದ ಸುರಿಯುತ್ತಿದ್ದರೆ ಎರಡೂ ಮುಚ್ಚಿಹೋಗುತ್ತವೆ.

ಗ್ಯಾರೇಜಿನಿಂದ ಹೊರಡುವ ಮುಂಚೆ

ಮೆಕ್ಯಾನಿಕ್‌ಗೆ ಒಂದು ಪ್ರಶ್ನೆ ಕೇಳಲೇಬೇಕು: ‘ಏರ್ ಎಲ್ಲಿಂದ ಬಂತು?’ ಸರಿಯಾದ ಉತ್ತರ ಬಂದರೆ ಕೆಲಸ ಮುಗಿದಿದೆ; ‘ಹಳೇ ಗಾಡಿ, ಬರುತ್ತೆ ಬಿಡಿ’ ಎಂದರೆ ಮುಗಿದಿಲ್ಲ. ಎಂಜಿನ್ ಓಡುತ್ತಿರುವಾಗ ಪೆಡಲ್ ಒಂದು ನಿಮಿಷ ಒತ್ತಿ ಹಿಡಿದು, ನಿಪ್ಪಲ್ ಮತ್ತು ಜೋಡಣೆಗಳಲ್ಲಿ ಹಸಿ ಇಲ್ಲವೆಂದು ನೋಡಿ, ಖಾಲಿ ರಸ್ತೆಯಲ್ಲಿ ನಿಧಾನ ವೇಗದಲ್ಲಿ ನಾಲ್ಕೈದು ಸಲ ಬ್ರೇಕ್ ಹಿಡಿದು ನೋಡಿದ ಮೇಲೆಯೇ ಲೋಡ್ ಹಾಕಿ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹೇಗೂ ಬ್ರೇಕ್ ಪರೀಕ್ಷೆ ಆಗುತ್ತದಲ್ಲ ಎಂದು ಆ ದಿನದವರೆಗೆ ಕಾಯಬೇಡಿ. ಪೆಡಲ್ ಬದಲಾದದ್ದು ಮೊದಲು ತಿಳಿಯುವುದು ದಿನವೂ ತುಳಿಯುವ ಚಾಲಕನಿಗೆ. ಅವನು ಹೇಳಿದ ದಿನವೇ ಗಾಡಿ ನಿಲ್ಲಿಸಿ ನೋಡಿಸುವ ಮಾಲೀಕನಿಗೆ ಒಂದು ದಿನದ ಬಾಡಿಗೆ ಹೋಗಬಹುದು, ಅದಕ್ಕಿಂತ ದೊಡ್ಡದು ಉಳಿಯುತ್ತದೆ.